ಬಖೀಯ ಗೇಟಿನ ಹೊರಗೆ

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಮ್ಮದು ಸಾಲುಮನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಅವರು ಸಂಬಲ್ ಚಟ್ನಿಗೆ ಮೆಣಸು ಹುರಿದರೆ ನಾವು ಸೀನುತ್ತೇವೆ, ನಾವು ಒಣಮೀನು ಸುಟ್ಟರೆ ಅವರು ಕಿಟಕಿ ಹಾಕಿಕೊಳ್ಳುತ್ತಾರೆ. ಆ ಮನೆಯಲ್ಲಿರುವವರು ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದ ಒಬ್ಬ ಮಲಯ ಮುಸ್ಲಿಂ ಹೆಂಗಸು. ಬೀದಿಯವರೆಲ್ಲ ಅವರನ್ನು ಮಕ್‌ಚಿಕ್ ಎಂದು ಕರೆಯುತ್ತಾರೆ. ಬಿಡಿಸಿ ನೋಡಿದರೆ ಆ ಮಾತಿನ ಅರ್ಥ ಚಿಕ್ಕಮ್ಮ ಎಂದೇ. ಅದು ಗೊತ್ತಾದ ದಿನ ನನ್ನ ಹೆಂಡತಿಗೆ ಬಹಳ ಖುಷಿಯಾಗಿತ್ತು. ಮಂಗಳೂರು ಬಿಟ್ಟು ಬಂದ ಮೇಲೆ ನಮಗೆ ಹಾಗೆ ಕರೆಯಲು ಇಲ್ಲಿ ಯಾರೂ ಇರಲಿಲ್ಲ.

ನಮ್ಮ ಮಗಳು ಒಂದನೇ ತರಗತಿಗೆ ಸೇರಿದಾಗಿನಿಂದ ಶಾಲೆ ಬಿಟ್ಟ ಮೇಲೆ ಅವಳು ಇರುತ್ತಿದ್ದದ್ದು ಮಕ್‌ಚಿಕ್ ಮನೆಯಲ್ಲಿ. ಹೆಂಡತಿಯ ಕಚೇರಿ ಬಾಂಗ್ಸಾರಿನಲ್ಲಿ, ಅವಳು ರೈಲಿಳಿದು ಬರುವಷ್ಟರಲ್ಲಿ ಏಳು ಗಂಟೆ. ಅಷ್ಟರೊಳಗೆ ಮಗಳ ಸ್ನಾನವಾಗಿ, ಹೋಮ್‌ವರ್ಕ್ ಮುಗಿದು, ಹೊಟ್ಟೆ ತುಂಬಿರುತ್ತಿತ್ತು. ಅವಳಿಗಾಗಿ ಖಾರವಿಲ್ಲದ ಅಡುಗೆ ಮಾಡಲು ಬೇರೆ ಪಾತ್ರೆಯನ್ನೇ ಇಟ್ಟಿದ್ದರು. ನಾವು ಮೇಜಿನ ಮೇಲೆ ಯೇಸುವಿನ ಚಿತ್ರ ಇಟ್ಟುಕೊಂಡವರು, ಅವರು ಗೋಡೆಗೆ ಕಾಬಾದ ಚಿತ್ರ ತೂಗುಹಾಕಿದವರು. ಮಗಳು ಎರಡೂ ಮನೆಯಲ್ಲಿ ಊಟಕ್ಕೆ ಮುಂಚೆ ಆಯಾ ಮನೆಯ ಪ್ರಾರ್ಥನೆ ಹೇಳುತ್ತಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ.

ಮಕ್‌ಚಿಕ್ ಗಂಡ ತೀರಿಕೊಂಡದ್ದು ಮದೀನಾದಲ್ಲಿ. ನಾವು ಈ ಮನೆಗೆ ಬರುವ ಮೊದಲಿನ ಸಂಗತಿ. ಇಬ್ಬರೂ ಹಜ್‌ಗೆ ಹೊರಟಿದ್ದರು. ಹೊರಡುವ ಹೊತ್ತಿಗೆ ಇವರ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ, ಗಂಡ ತಮ್ಮ ಅಣ್ಣನ ಜತೆ ಹೋದರು. ಹಜ್ ಮುಗಿಸಿ ಮದೀನಾಕ್ಕೆ ಬಂದ ಮೂರನೆಯ ದಿನ ಎದೆನೋವು ಬಂತು. ಅಲ್ಲಿ ತೀರಿಕೊಂಡ ಯಾತ್ರಿಕರನ್ನು ಪ್ರವಾದಿಯವರ ಮಸೀದಿಯ ಪಕ್ಕದ ಬಖೀ ಎಂಬ ಸ್ಮಶಾನದಲ್ಲಿ ಮಣ್ಣು ಮಾಡುತ್ತಾರೆ. ಪ್ರವಾದಿಯವರ ಮಕ್ಕಳು, ಪತ್ನಿಯರು, ಸಂಗಡಿಗರು ಮಲಗಿರುವ ನೆಲ ಅದು.

"ಎಲ್ಲರೂ ಪುಣ್ಯವಂತ ಎಂದರು," ಎಂದು ಮಕ್‌ಚಿಕ್ ಒಮ್ಮೆ ನನ್ನ ಹೆಂಡತಿಗೆ ಹೇಳಿದ್ದರಂತೆ. "ನಾನೂ ಹೌದು ಎಂದೆ. ಆದರೆ ಒಂದು ಹಿಡಿ ಮಣ್ಣು ಹಾಕುವುದಕ್ಕೆ ನನಗೆ ಆಗಲಿಲ್ಲ ನೋಡು."

ನಾನು ಕೆಲಸ ಮಾಡುವುದು ಪ್ರವಾಸಿ ಕಂಪನಿಗಳಿಗೆ ಕೈಪಿಡಿ ಬರೆದು ಅಚ್ಚು ಹಾಕಿಸಿ ಕೊಡುವ ಒಂದು ಸಣ್ಣ ಕಚೇರಿಯಲ್ಲಿ. ಬಾಲಿ, ಪೆನಾಂಗ್, ವೇಲಾಂಕಣಿ, ಏನು ಕೇಳಿದರೂ ಬರೆಯುತ್ತೇವೆ. ಎರಡು ವರ್ಷದ ಹಿಂದೆ ಉಮ್ರಾಕ್ಕೆ, ಅಂದರೆ ಹಜ್ ಕಾಲದ ಹೊರಗೆ ಮಾಡುವ ಕಿರುಯಾತ್ರೆಗೆ, ಜನರನ್ನು ಕರೆದೊಯ್ಯುವ ಒಂದು ಕಂಪನಿ ಮದೀನಾದ ಪವಿತ್ರ ಸ್ಥಳಗಳ ಬಗ್ಗೆ ಪುಟ್ಟ ಪುಸ್ತಕ ಬೇಕೆಂದು ಬಂತು. ಇಂಗ್ಲಿಷಿನಲ್ಲಿ ನಾನು ಬರೆಯುವುದು, ಮಲಯಕ್ಕೆ ನನ್ನ ಸಹೋದ್ಯೋಗಿ ಅನುವಾದಿಸುವುದು ಎಂದಾಯಿತು. ಆಕೆ ನನಗಿಂತ ಹತ್ತು ವರ್ಷ ಚಿಕ್ಕವಳು, ಮಾತು ಕಡಿಮೆ, ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಆಕೆಯೂ ಸೇರಿ ಮುಸ್ಲಿಂ ಸಹೋದ್ಯೋಗಿಗಳು ನಾಲ್ವರಿದ್ದರೂ ಯಜಮಾನರು ಬರವಣಿಗೆಯನ್ನು ನನಗೇ ವಹಿಸಿದರು. ಹೊರಗಿನವನಿಗೆ ಹೊಸ ಕಣ್ಣಿರುತ್ತದೆ ಎಂದರು. ಆ ಮಾತು ನನಗೆ ಬೇಕಾದ್ದಕ್ಕಿಂತ ಹೆಚ್ಚು ಹಿಡಿಸಿತು.

ಪ್ರವಾದಿಯವರ ಮಸೀದಿಯ ಅಂಗಳಕ್ಕೆ ಮುಸ್ಲಿಮನಲ್ಲದ ನನ್ನಂಥವನಿಗೆ ಪ್ರವೇಶವಿಲ್ಲ. ಕಣ್ಣಾರೆ ಕಾಣದ ಊರನ್ನು ನಾಲ್ಕು ತಿಂಗಳು ಪುಸ್ತಕಗಳಿಂದಲೂ ಇಂಟರ್ನೆಟ್ಟಿನಿಂದಲೂ ಕಟ್ಟಿಕೊಂಡೆ. ಕೆಲಸ ನಿಜಕ್ಕೂ ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ಪ್ರವಾದಿಯವರು ಊರಿಗೆ ಬಂದಾಗ ಪ್ರತಿ ಮನೆಯವರೂ ನಮ್ಮಲ್ಲಿ ಇಳಿಯಿರಿ ಎಂದು ಕರೆದರಂತೆ. ಒಂಟೆಗೆ ದಾರಿ ಬಿಡಿ, ಅದು ಎಲ್ಲಿ ಮಂಡಿಯೂರುತ್ತದೋ ಅಲ್ಲಿ ಇಳಿಯುತ್ತೇನೆ ಎಂದರಂತೆ ಅವರು. ಒಂಟೆ ಮಂಡಿಯೂರಿದ್ದು ಇಬ್ಬರು ಅನಾಥರಿಗೆ ಸೇರಿದ, ಖರ್ಜೂರ ಒಣಗಿಸುವ ಕಣದಲ್ಲಿ. ಅನಾಥರು ಸುಮ್ಮನೆ ಕೊಡಲು ಬಂದರೂ ತೆಗೆದುಕೊಳ್ಳದೆ, ಬೆಲೆ ಕೊಟ್ಟು ಆ ಜಾಗದಲ್ಲಿ ಮಸೀದಿ ಕಟ್ಟಿದರು. ಖರ್ಜೂರದ ಕಾಂಡಗಳು ಕಂಬವಾದವು, ಗರಿಗಳು ಮೇಲಿನ ಮಾಡಾದವು. ಮಳೆ ಬಂದರೆ ಹಣೆಯೂರುವ ನೆಲ ಕೆಸರಾಗುತ್ತಿತ್ತು. ಪ್ರವಚನದ ಹೊತ್ತಿಗೆ ಅವರು ಒರಗಿ ನಿಲ್ಲುತ್ತಿದ್ದ ಒಂದು ಕಾಂಡ, ಹೊಸ ಪೀಠ ಬಂದ ದಿನ ಮರಿ ಕಳೆದುಕೊಂಡ ಒಂಟೆಯ ಹಾಗೆ ಅತ್ತಿತಂತೆ. ಅವರು ಇಳಿದು ಬಂದು ಅದರ ಮೇಲೆ ಕೈಯಿಟ್ಟ ಮೇಲೆ ಸುಮ್ಮನಾಯಿತಂತೆ. ಅದನ್ನು ಬರೆಯುವಾಗ ನನ್ನ ಕಣ್ಣೂ ಒದ್ದೆಯಾಗಿತ್ತು.

ಊರ ಅಂಚಿನ ಕುಬಾ ಮಸೀದಿ, ನಮಾಜಿನ ನಡುವೆಯೇ ದಿಕ್ಕು ಜೆರುಸಲೇಮಿನಿಂದ ಮಕ್ಕಾದ ಕಡೆಗೆ ತಿರುಗಿದ ಎರಡು ಕಿಬ್ಲಾಗಳ ಮಸೀದಿ, ಬಿಲ್ಲುಗಾರರು ಕಾವಲು ಬಿಟ್ಟಿಳಿದು ಯುದ್ಧ ಸೋಲುವಂತೆ ಮಾಡಿದ ಉಹುದ್ ಗುಡ್ಡ, ಎಲ್ಲಕ್ಕೂ ಒಂದೊಂದು ಅಧ್ಯಾಯ. ಕೊನೆಯದು ಬಖೀ. ಅಲ್ಲಿ ಹಿಂದೆ ಗೋರಿಗಳ ಮೇಲೆ ಗುಮ್ಮಟಗಳಿದ್ದವು. ಸುಮಾರು ನೂರು ವರ್ಷದ ಹಿಂದೆ ಅವನ್ನೆಲ್ಲ ಕೆಡವಿದರು. ಈಗ ಬರೀ ಮಣ್ಣು, ತಲೆಯ ಕಡೆಗೊಂದು ಹೆಸರಿಲ್ಲದ ಕಲ್ಲು. ಅಧ್ಯಾಯದ ಕೊನೆಗೆ ಹೀಗೆ ಬರೆದೆ: ಬೆಳಗಿನ ಹಾಗೂ ಇಳಿಹೊತ್ತಿನ ನಮಾಜಿನ ನಂತರ ಗೇಟು ತೆರೆಯುತ್ತಾರೆ, ಯಾತ್ರಿಕರೆಲ್ಲರೂ ಒಳಗೆ ಹೋಗಿ ಸಲಾಂ ಹೇಳಬಹುದು.

'ಎಲ್ಲರೂ' ಎಂಬ ಪದ ಎಲ್ಲಿಂದ ಬಂತೋ ಗೊತ್ತಿಲ್ಲ. ವಾಕ್ಯ ಚೆನ್ನಾಗಿ ಕೂರಲಿ ಎಂದು ಹಾಕಿರಬೇಕು.

ಕರಡು ನನ್ನ ಸಹೋದ್ಯೋಗಿಯಿಂದ ವಾಪಸ್ಸು ಬಂದಾಗ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪದ ಬರೆದಿದ್ದಳು: 'ಹೆಂಗಸರು?' ಮಧ್ಯಾಹ್ನ ಊಟಕ್ಕೆ ಇಳಿಯುವಾಗ ಬಾಯಿಬಿಟ್ಟೂ ಕೇಳಿದಳು.

"ಬಖೀ ಒಳಗೆ ಹೆಂಗಸರನ್ನು ಬಿಡುವುದಿಲ್ಲ ಅಂತ ನಮ್ಮಮ್ಮ ಹೇಳಿದ ನೆನಪು. ಒಮ್ಮೆ ಯಾರನ್ನಾದರೂ ಕೇಳುತ್ತೀರಾ?"

"ನೋಡುತ್ತೇನೆ," ಎಂದೆ.

ನೋಡಲಿಲ್ಲ. ಅಚ್ಚಿಗೆ ಹೋಗುವ ತರಾತುರಿ ಇತ್ತು ಎನ್ನಬಹುದು. ನಿಜವೆಂದರೆ, ನಾಲ್ಕು ತಿಂಗಳು ಓದಿದ ನನಗೆ ಅವಳ ಅಮ್ಮನ ನೆನಪು ದೊಡ್ಡದಾಗಿ ಕಾಣಲಿಲ್ಲ. ಪೆನ್ಸಿಲ್ ಗುರುತನ್ನು ರಬ್ಬರಿನಲ್ಲಿ ಅಳಿಸಿ, ಸರಿ ಎಂದು ಸಹಿ ಹಾಕಿದೆ.

ಪುಸ್ತಕ ಬಂತು, ಅಂದವಾಗಿತ್ತು. ಮೊದಲ ಪ್ರತಿಗಳಲ್ಲಿ ಒಂದನ್ನು ಮಕ್‌ಚಿಕ್‌ಗೆ ಕೊಟ್ಟೆ. ಸಹಿ ಮಾಡಿ ಕೊಡು ಎಂದರು, ಮಾಡಿದೆ. ಅವರು ಅದನ್ನು ಎರಡು ದಿನದಲ್ಲಿ ಓದಿ ಮುಗಿಸಿ, ಕಾಂಡ ಅತ್ತ ಪುಟವನ್ನು ನನ್ನ ಮಗಳಿಗೆ ಓದಿ ಹೇಳಿದರಂತೆ. ಆಮೇಲೆ ಒಂದು ಭಾನುವಾರ ನಮ್ಮ ಗೇಟಿನ ಹತ್ತಿರ ನಿಂತು, ತಾನು ಉಮ್ರಾಕ್ಕೆ ಹೋಗುತ್ತಿದ್ದೇನೆ, ಅದೂ ಈ ಪುಸ್ತಕ ಕೊಡುವ ಕಂಪನಿಯ ಜತೆಗೇ ಎಂದು ಹೇಳಿದರು. ಕೋಲೂರಿ ನಡೆಯುವ ಹೆಂಗಸು. ಅಂದು ಮುಖದಲ್ಲಿ ಹೊಸ ಹುರುಪಿತ್ತು.

ಹೊರಡುವ ಹತ್ತು ದಿನ ಮುಂಚೆ ಸಂಜೆ ಮತ್ತೆ ಬಂದರು. ಕೈಯಲ್ಲಿ ಪುಸ್ತಕವಿತ್ತು, ಬಖೀಯ ಪುಟಕ್ಕೆ ಬೆರಳಿಟ್ಟುಕೊಂಡಿದ್ದರು.

"ಮಗನೇ, ಒಂದು ಮಾತು ಕೇಳಬೇಕಿತ್ತು. ಯಾತ್ರೆಯ ತರಗತಿಯಲ್ಲಿ ಉಸ್ತಾದರು ಹೆಂಗಸರು ಹೊರಗಿನಿಂದಲೇ ಸಲಾಂ ಹೇಳಬೇಕು ಎಂದರು. ನಿನ್ನ ಪುಸ್ತಕದಲ್ಲಿ ಎಲ್ಲರೂ ಒಳಗೆ ಹೋಗಬಹುದು ಎಂದಿದೆ. ಯಾವುದು ಸರಿ?"

ಆ ಕ್ಷಣ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಳಿಸಿದ ಪೆನ್ಸಿಲ್ ಗುರುತು ತಕ್ಷಣ ನೆನಪಾಯಿತು. ಗೊತ್ತಿಲ್ಲ ಮಕ್‌ಚಿಕ್, ಕೇಳಿ ಹೇಳುತ್ತೇನೆ ಎಂದಿದ್ದರೆ ಮುಗಿದಿತ್ತು. ಆದರೆ ಪುಸ್ತಕಗಳ ಪೆಟ್ಟಿಗೆಗಳು ಆಗಲೇ ಆ ಕಂಪನಿಗೆ ಹೋಗಿದ್ದವು. ಇಲ್ಲಿ ತಪ್ಪೆಂದು ಒಪ್ಪಿದರೆ ಕಚೇರಿಯಲ್ಲೂ ಒಪ್ಪಬೇಕು. ಅದಕ್ಕಿಂತ ಹೆಚ್ಚಾಗಿ, ನನ್ನ ಕಡೆ ಅಷ್ಟು ನಂಬಿಕೆಯಿಂದ ನೋಡುತ್ತಿದ್ದ ಆ ಮುಖದೆದುರು ಗೊತ್ತಿಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ.

"ಉಸ್ತಾದರು ಹೇಳಿದ್ದು ಹಳೆಯದು," ಎಂದೆ. "ಅಲ್ಲಿ ಈಗ ಎಷ್ಟೋ ನಿಯಮ ಬದಲಾಗಿವೆ. ಪುಸ್ತಕ ಹೊಸದು, ಮಕ್‌ಚಿಕ್."

"ಹೆಂಗಸರೂ?"

"ಹೆಂಗಸರೂ."

ಅವರು ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು, "ಅಲ್‌ಹಮ್ದುಲಿಲ್ಲಾ," ಎಂದರು. ಕಣ್ಣೊರೆಸಿಕೊಂಡರು. ಹೆಂಡತಿ ಅಡುಗೆಮನೆಯಿಂದ ಬಂದು ಅವರ ಕೈ ಹಿಡಿದುಕೊಂಡಳು. ಗೋರಿಗೆ ಹೆಸರಿಲ್ಲದಿದ್ದರೂ ಚಿಂತೆಯಿಲ್ಲ, ಮಣ್ಣು ಮಾಡುವಾಗ ಅಲ್ಲಿದ್ದ ಭಾವ ದಾರಿಯ ಗುರುತು ಹೇಳಿದ್ದಾರೆ, ಅಷ್ಟು ದೂರ ನಡೆದು ನೆಲದ ಮೇಲೆ ಕೈಯಿಟ್ಟು ಬಂದರೆ ಸಾಕು ಎಂದು ಮಕ್‌ಚಿಕ್ ಅವಳಿಗೆ ಹೇಳುತ್ತಿದ್ದರು. ನಾನು ಫೋನು ಬಂದವನ ಹಾಗೆ ಎದ್ದು ಒಳಗೆ ಹೋದೆ.

ಇನ್ನೂ ಹತ್ತು ದಿನವಿತ್ತು. ಮರುದಿನವೇ ಆ ಪ್ರವಾಸಿ ಕಂಪನಿಗೆ ಫೋನು ಮಾಡಬಹುದಿತ್ತು. ಮಾಡಿದರೆ ಉತ್ತರ ಸಿಗುತ್ತದೆ ಎಂದೇ ಮಾಡಲಿಲ್ಲ.

ಅವರ ತಂಡ ಮರಳಿದ ವಾರ ನಮ್ಮ ಯಜಮಾನರು ನನ್ನನ್ನೂ ಅನುವಾದಕಿಯನ್ನೂ ಕೋಣೆಗೆ ಕರೆದರು. ಕಂಪನಿಯಿಂದ ದೂರು ಬಂದಿತ್ತು. ತಂಡದ ಒಬ್ಬ ವಯಸ್ಸಾದ ಹೆಂಗಸು ಬಖೀಯ ಗೇಟಿನಲ್ಲಿ ಕಾವಲುಗಾರರ ಜತೆ ವಾದ ಮಾಡಿದರಂತೆ. ಕೈಯಲ್ಲಿ ನಮ್ಮ ಪುಸ್ತಕ ಹಿಡಿದು, ಇದರಲ್ಲಿ ಬರೆದಿದೆ, ಬಿಡಿ ಎಂದು ಪಟ್ಟು ಹಿಡಿದರಂತೆ. ತಂಡದ ಮುಖ್ಯಸ್ಥ ಬಂದು ಕರೆದೊಯ್ಯಬೇಕಾಯಿತಂತೆ.

"ಹೆಂಗಸರಿಗೆ ಒಳಗೆ ಪ್ರವೇಶ ಇಲ್ಲವಂತೆ. ಇದು ಹೇಗಾಯಿತು?" ಎಂದು ಯಜಮಾನರು ಕೇಳಿದರು.

ಆ ಹೆಂಗಸು ಯಾರೆಂದು ನನಗೆ ಆ ಮಾತು ಮುಗಿಯುವ ಮುಂಚೆಯೇ ಗೊತ್ತಾಗಿತ್ತು. ಆಗ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಬರೆಯದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ. "ಅನುವಾದದಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬಹುದು," ಎಂದೆ.

ಅವಳು ನನ್ನತ್ತ ತಿರುಗಿದಳು. ಕೋಪವಿರಲಿಲ್ಲ, ನಾನು ಯಾರೆಂದು ಗುರುತು ಹಿಡಿಯಲು ನೋಡುವವಳ ಹಾಗಿತ್ತು. ಪೆನ್ಸಿಲ್ ಗುರುತಿನ ಮಾತು ಎತ್ತುತ್ತಾಳೆ ಎಂದು ಕಾದೆ. ಎತ್ತಲಿಲ್ಲ. ಎತ್ತಿದ್ದರೂ ತೋರಿಸಲು ಅವಳ ಬಳಿ ಏನಿತ್ತು, ಅಳಿಸಿದವನು ನಾನೇ ಅಲ್ಲವೇ. "ಮುಂದೆ ಜಾಗ್ರತೆ," ಎಂದು ಯಜಮಾನರು ಅವಳಿಗೆ ಹೇಳಿದರು. ಅವಳು ತಲೆಯಾಡಿಸಿ ಹೊರಗೆ ಹೋದಳು.

ಆ ಶನಿವಾರ ಮಕ್‌ಚಿಕ್ ನಮ್ಮ ಮನೆಗೆ ಬಂದರು. ಒಂದು ಪೊಟ್ಟಣ ಮದೀನಾದ ಕಪ್ಪು ಖರ್ಜೂರ, ಒಂದು ಸಣ್ಣ ಬಾಟಲಿ ಮಕ್ಕಾದ ಪವಿತ್ರ ಝಮ್‌ಝಮ್ ಬಾವಿಯ ನೀರು, ಮಗಳಿಗೆ ಬಳೆ. ಸೊರಗಿದ್ದರು.

"ಹೇಗಿತ್ತು ಮಕ್‌ಚಿಕ್?" ಎಂದು ಹೆಂಡತಿ ಕೇಳಿದಳು. "ನಿಮ್ಮವರ ಹತ್ತಿರ ಹೋಗಿ ಬಂದಿರಾ?"

"ಹೋಗಿ ಬಂದೆ, ಎಲ್ಲ ಒಳ್ಳೆಯದಾಯಿತು," ಎಂದರು. ಅದನ್ನು ಹೇಳುವಾಗ ನನ್ನನ್ನು ನೋಡಲಿಲ್ಲ. ನನ್ನ ಹೆಂಡತಿಯೆದುರು ನನ್ನ ಮಾನ ಉಳಿಸುತ್ತಿದ್ದರು. ನಾನು ಖರ್ಜೂರದ ಬೀಜ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ, ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಎರಡು ವಾರ ಹೀಗೇ ಕಳೆಯಿತು. ಮಗಳನ್ನು ಕರೆದುಕೊಂಡು ಬರಲು ನಾನು ಹೋಗುವುದನ್ನು ಬಿಟ್ಟೆ, ಏನಾದರೂ ನೆವ ಹೇಳಿ ಹೆಂಡತಿಯನ್ನೇ ಕಳಿಸುತ್ತಿದ್ದೆ. ಒಂದು ಭಾನುವಾರ ಚರ್ಚಿನಲ್ಲಿ ಪೂಜೆಗೆ ಮುಂಚೆ ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿಕೊಂಡೆ. ಜಾಲರಿಯ ಆಚೆಯಿಂದ ಅವರು ಎಲ್ಲ ಕೇಳಿ, "ಇದನ್ನು ನನಗೆ ಹೇಳುವುದು ಸುಲಭ. ಆ ಇಬ್ಬರು ಹೆಂಗಸರಿಗೆ ಹೇಳಿದಿರಾ?" ಎಂದರು. ಇಲ್ಲ ಎಂದೆ. "ಹಾಗಾದರೆ ಮೊದಲು ಅಲ್ಲಿಗೆ ಹೋಗಿ," ಎಂದರು. ಅಂದೂ ಹೋಗಲಿಲ್ಲ.

ಕೊನೆಗೆ ನನ್ನನ್ನು ಅಲ್ಲಿಗೆ ಕಳಿಸಿದ್ದು ಮಗಳ ಮಾತು. ಊಟಕ್ಕೆ ಕೂತಾಗ ಅವಳ ಅಮ್ಮ ಕೊಂಕಣಿಯಲ್ಲಿ ಏನೋ ಕೇಳಿದಳು, ಇವಳು ಯಾವತ್ತಿನಂತೆ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಮಕ್‌ಚಿಕ್ ಈಗ ನಮಾಜು ಮುಗಿಸಿ ತುಂಬಾ ಹೊತ್ತು ಅಳುತ್ತಾರೆ ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ದೊಡ್ಡ ತಪ್ಪು ಮಾಡಿ ಬಂದೆ, ಕ್ಷಮೆ ಕೇಳುತ್ತಿದ್ದೇನೆ ಎಂದರಂತೆ. "ವಾಟ್ ಡಿಡ್ ಶಿ ಡೂ, ಪಪ್ಪಾ?" ಎಂದು ನನ್ನನ್ನು ಕೇಳಿದಳು.

ತಟ್ಟೆ ಅಲ್ಲೇ ಬಿಟ್ಟು ಎದ್ದೆ. ಹೆಂಡತಿಗೆ ಎಲ್ಲವನ್ನೂ ಅಲ್ಲೇ ನಿಂತು ಹೇಳಿದೆ. ಅವಳು ಬೈಯಲಿಲ್ಲ. "ಆ ದಿನ ನಾನು ಅವರ ಕೈ ಹಿಡಿದುಕೊಂಡಿದ್ದೆ," ಎಂದಷ್ಟೇ ಅಂದು ಮಗಳ ತಟ್ಟೆಗೆ ಅನ್ನ ಬಡಿಸಿದಳು.

ಮರುದಿನ ರಜೆ ಹಾಕಿ, ಮಗಳು ಶಾಲೆಗೆ ಹೋದ ಮೇಲೆ ಮಕ್‌ಚಿಕ್ ಮನೆಗೆ ಹೋದೆ. ಅವರು ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ನಿಂತೇ ಹೇಳಿದೆ. ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಸುಳ್ಳು ಹೇಳಿದೆ, ಕೇಳಿ ತಿಳಿಯಲು ಹತ್ತು ದಿನವಿದ್ದರೂ ಕೇಳಲಿಲ್ಲ ಎಂದೆ. ಅವರು ಬಟ್ಟೆಯಿಂದ ಕೈ ತೆಗೆದರು.

"ನೀನು ತಿಳಿಯದೆ ಬರೆದೆ ಎಂದುಕೊಂಡಿದ್ದೆ," ಎಂದರು. "ಸುಳ್ಳು ಎಂದು ತಿಳಿದಿರಲಿಲ್ಲ."

ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಓಡುತ್ತಿತ್ತು. ಅವರು ಎದ್ದು ಕಿಟಕಿ ಹಾಕಿ ಬಂದು ಕೂತರು.

"ಒಳಗೆ ಹೋಗಲಾಗಲಿಲ್ಲ ಎನ್ನುವುದು ನನ್ನ ದುಃಖವಲ್ಲ ಮಗನೇ. ಗೋಡೆಯ ಜಾಲರಿಯಿಂದ ನೋಡಿದೆ. ಬರೀ ಮಣ್ಣು, ಕಲ್ಲು, ಪಾರಿವಾಳ. ಒಳಗೆ ಬಿಟ್ಟಿದ್ದರೂ ಯಾವ ಕಲ್ಲು ಅವರದೆಂದು ನನಗೆ ತಿಳಿಯುತ್ತಿರಲಿಲ್ಲ. ಉಸ್ತಾದರು ಹೇಳಿದಂತೆ ಹೊರಗೆ ನಿಂತು ಸಲಾಂ ಹೇಳಲು ಮನಸ್ಸು ಮಾಡಿಕೊಂಡು ಹೋಗಿದ್ದರೆ ತೃಪ್ತಿಯಾಗಿ ಬರುತ್ತಿದ್ದೆ. ಆದರೆ ನಾನು ಜಗಳವಾಡಿದೆ. ಪ್ರವಾದಿಯವರು ಮಲಗಿರುವ ಕಡೆ, ಅವರ ಮಸೀದಿಯ ಎದುರಿಗೇ ದನಿ ಎತ್ತಿದೆ. ಆ ಕಾವಲುಗಾರನಿಗೆ ನನ್ನ ಮಗನಾಗುವ ವಯಸ್ಸು. ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವಂತೆ ಹಜ್ಜಾ, ಹಜ್ಜಾ ಎಂದು ಮೆತ್ತಗೆ ಹೇಳುತ್ತಿದ್ದ. ನಾನು ಅವನ ಮುಖಕ್ಕೆ ಪುಸ್ತಕ ಹಿಡಿದೆ. ನಿನಗೆ ಗೊತ್ತಿಲ್ಲ, ಇದನ್ನು ಬರೆದವರಿಗೆ ಗೊತ್ತು ಎಂದೆ."

ಆ ಸನ್ನಿಧಿಯಲ್ಲಿ ದನಿ ತಗ್ಗಿಸಬೇಕೆಂಬ ಶಿಷ್ಟಾಚಾರದ ಬಗ್ಗೆ ಅರ್ಧ ಪುಟ ಬರೆದವನು ನಾನೇ. ಅದನ್ನು ಅವರು ಓದಿದ್ದರು. ನಾನು ಬರೆದದ್ದರಲ್ಲಿ ಸರಿಯಿದ್ದ ಅರ್ಧ ಪುಟವನ್ನು ತಪ್ಪಿದ್ದ ಒಂದು ಸಾಲಿಗಾಗಿ ಅವರು ಮುರಿದಿದ್ದರು.

ಮೊಣಕಾಲೂರಿ ಅವರ ಪಾದ ಮುಟ್ಟಲು ಹೋದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು. "ಹಾಗೆ ಮಾಡಬೇಡ, ನಮ್ಮಲ್ಲಿ ಆ ಪದ್ಧತಿಯಿಲ್ಲ," ಎಂದರು. ಮತ್ತೆ ಬಟ್ಟೆಯನ್ನು ಕೈಗೆತ್ತಿಕೊಂಡು, "ನಿನ್ನನ್ನು ಕ್ಷಮಿಸಿದ್ದೇನೆ. ಕ್ಷಮಿಸದಿದ್ದರೆ ನನ್ನನ್ನು ಕ್ಷಮಿಸು ಎಂದು ಮೇಲಿರುವವನನ್ನು ಕೇಳುವ ಮುಖ ನನಗೂ ಇರುವುದಿಲ್ಲ. ಈಗ ಮನೆಗೆ ಹೋಗು," ಎಂದರು.

ಮಧ್ಯಾಹ್ನವೇ ಕಚೇರಿಗೆ ಹೋಗಿ ಯಜಮಾನರ ಎದುರು ಅನುವಾದಕಿಯನ್ನು ಕೂರಿಸಿಕೊಂಡು ನಡೆದದ್ದನ್ನು ಹೇಳಿದೆ. ಪೆನ್ಸಿಲ್ ಗುರುತಿನದನ್ನೂ ಹೇಳಿದೆ. ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಧಾರ್ಮಿಕ ಪುಸ್ತಕಗಳ ಕೆಲಸ ಇನ್ನು ನನಗಿಲ್ಲ ಎಂದರು. ಅದು ನ್ಯಾಯವೇ. ಕಂಪನಿಯಲ್ಲಿ ಹಂಚದೆ ಉಳಿದಿದ್ದ ಪುಸ್ತಕಗಳನ್ನು ವಾಪಸ್ಸು ತರಿಸಿ, ತಪ್ಪಿದ ಸಾಲಿನ ಮೇಲೆ ಸರಿಪಡಿಸಿದ ಚೀಟಿ ಅಂಟಿಸಬೇಕೆಂದಾಯಿತು. ನಾನೊಬ್ಬನೇ ಮಾಡುತ್ತೇನೆಂದೆ. ಆದರೂ ಅನುವಾದಕಿ ಕುರ್ಚಿ ಎಳೆದುಕೊಂಡು ಬಂದು ಕೂತಳು. ಮೂರು ದಿನ ಎದುರುಬದುರು ಕೂತು ಅಂಟಿಸಿದೆವು.

ಎರಡನೆಯ ದಿನ ಅವಳಿಗೆ, "ನೀನು ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಹೇಳುತ್ತೀರಿ ಎಂದು ಕಾದೆ," ಎಂದಳು. ಚೀಟಿಯ ಅಂಚನ್ನು ಬೆರಳಿನಿಂದ ಒತ್ತಿ ಮುಂದಿನ ಪುಸ್ತಕ ತೆಗೆದುಕೊಂಡಳು. ಆರು ತಿಂಗಳ ಮೇಲೆ ಬೇರೆ ಕಡೆ ಕೆಲಸಕ್ಕೆ ಸೇರಿದಳು. ಹೋಗುವಾಗ ಎಲ್ಲರ ಮೇಜಿಗೂ ಬಂದು ಹೇಳಿಹೋದಳು, ನನ್ನ ಮೇಜಿಗೂ ಬಂದಳು. ಅಲ್ಲಿ ನಿಂತದ್ದು ಮಾತ್ರ ಒಂದು ಗಳಿಗೆ.

ಮಗಳಿಗೆ ಈಗ ಹನ್ನೊಂದು ವರ್ಷ. ಈಗಲೂ ಮಕ್‌ಚಿಕ್ ಮನೆಗೇ ಹೋಗುತ್ತಾಳೆ. ರಮ್ಜಾನಿನಲ್ಲಿ ಗಂಜಿ ಬರುತ್ತದೆ, ಕ್ರಿಸ್ಮಸ್ಸಿಗೆ ನಮ್ಮ ಕುಸ್ವಾರ್ ತಿಂಡಿಗಳ ತಟ್ಟೆ ಹೋಗುತ್ತದೆ. ಗೇಟಿನಲ್ಲಿ ಸಿಕ್ಕರೆ ಊಟವಾಯಿತೇ ಎಂದು ಕೇಳುತ್ತಾರೆ, ಮಂಗಳೂರಿನಲ್ಲಿ ಅಮ್ಮ ಹೇಗಿದ್ದಾರೆ ಎಂದು ಕೇಳುತ್ತಾರೆ. ಹೊರಗಿನವರು ನೋಡಿದರೆ ಏನೂ ಬದಲಾಗಿಲ್ಲ ಎನ್ನುತ್ತಾರೆ.

ಕಳೆದ ತಿಂಗಳು ನಮ್ಮ ಬೀದಿಯಲ್ಲಿ ಎರಡು ದಿನ ನಲ್ಲಿ ನೀರು ಇರುವುದಿಲ್ಲವೆಂದು ಸೂಚನೆ ಬಂತು. ಮಕ್‌ಚಿಕ್ ಹೊರಗೆ ಗಿಡಗಳಿಗೆ ನೀರು ಹಾಕುತ್ತಿದ್ದರು. ನಾನು ಬೇಲಿಯ ಮೇಲಿಂದ, "ನಾಳೆ ಬೆಳಗ್ಗೆಯಿಂದ ನೀರಿಲ್ಲವಂತೆ ಮಕ್‌ಚಿಕ್, ತುಂಬಿಸಿಟ್ಟುಕೊಳ್ಳಿ," ಎಂದೆ.

"ಹೌದಾ? ಒಳ್ಳೆಯದಾಯಿತು ಹೇಳಿದ್ದು," ಎಂದರು. ನಾನು ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಅವರು ಬೇಲಿಯ ಹತ್ತಿರ ಬಂದು, ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿಯನ್ನು ಮೆಲ್ಲಗೆ ಕರೆದು, ನಾಳೆ ನೀರು ಬರುವುದಿಲ್ಲವಂತೆ, ನಿಜವೇ ಎಂದು ಕೇಳಿದ್ದು ನನಗೆ ಕೇಳಿಸಿತು.